ಡ್ರಮ್ಮಿನ ಮೇಲಿನ ಬಿಳಿ ಗೆರೆ

“ಮೇಷ್ಟ್ರೇ, ನೀವು ಇಳೀರಿ. ಲೋಡ್ ಲೈನ್ ಮುಳುಗ್ತಾ ಐತೆ,” ಎಂದಳು ನನ್ನ ಹಳೆಯ ಶಿಷ್ಯೆ ಶಾಂತ.

ಶಿಪ್‌ಯಾರ್ಡಿನಲ್ಲಿ ವೆಲ್ಡರ್ ಆಗಿರುವ ಆಕೆ ರಜೆಗೆ ಮಾದಿಹಳ್ಳಿಗೆ ಬಂದಿದ್ದಳು. ಕೆರೆಯ ಜೊಂಡು ಕೀಳಲು ನಾವು ಖಾಲಿ ಡ್ರಮ್ಮುಗಳಿಂದ ಕಟ್ಟಿದ ತೆಪ್ಪಕ್ಕೆ ಬಿಳಿ ಗೆರೆ ಎಳೆದವಳೂ ಆಕೆಯೇ. ಹಡಗಿಗೂ ಇಂಥದ್ದೇ ಗೆರೆಯಂತೆ. ಅದು ಮುಳುಗಿದರೆ ಭಾರ ಹೆಚ್ಚಾಯಿತೆಂದು ಅರ್ಥ.

“ಉದ್ಘಾಟನೆಗೆ ಬಂದೋನು ನಾನು ಕಣಮ್ಮ.”

“ಅದು ನೀರಿಗೆ ಗೊತ್ತಾಗಲ್ವಲ್ಲ, ಸಾ.”

ಹಾರದ ಸಮೇತ ಇಳಿದೆ. ಈಜು ಬಾರದ ನನ್ನ ತಮ್ಮ ಜೊಂಡು ಕೀಳುವವರ ಜೊತೆ ತೆಪ್ಪದಲ್ಲೇ ಉಳಿದ. ಕೆರೆಯ ನಡುವೆ ಗಾಳಿಗೆ ತೆಪ್ಪ ವಾಲಿತು. ನಾನು ಏರಿಯ ಮೇಲೆ ಶತಪಥ ಹಾಕಿದೆ. ಒಂದು ಪಕ್ಕದಲ್ಲಿ ನೀರು ಗೆರೆ ದಾಟಿ, ತಮ್ಮನ ಕಾಲಡಿಯ ಹಲಗೆಯವರೆಗೂ ಏರಿ, ಅಲ್ಲೇ ನಿಂತು, ಇಳಿಯಿತು.

ಈಗ ಹಗರೆಗೆ ಹೋಗುವ ತುಂಬಿದ ಬಸ್ಸು ಹತ್ತುವ ಮುನ್ನ ಬಗ್ಗಿ ಅದರ ಪಕ್ಕೆ ನೋಡುತ್ತೇನೆ. ಯಾರೂ ಗೆರೆ ಎಳೆದಿಲ್ಲ.