ಪೊಟಾಶಣ್ಣನ ಬಾಯಿ

ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಅಟೆಂಡರ್ ಆಗಿರುವ ಅವನಿಗೆ ಹುಡುಗರು ಇಟ್ಟ ಹೆಸರು ಪೊಟಾಶಣ್ಣ. ಪೊಟ್ಯಾಸಿಯಂ ಎನ್ನಲು ಅವನ ನಾಲಿಗೆ ಹೊರಳುವುದಿಲ್ಲ, ಏನಿದ್ದರೂ ಪೊಟಾಶು. ಹಾಗಂತ ಬಾಯಿ ಮುಚ್ಚಿಕೊಂಡಿರುವ ಹಾಗೂ ಇರಲಿಲ್ಲ. ಬಾಟಲಿ ಕೊಡುವಾಗ ಅವನು ಹೆಸರು ಕೂಗಬೇಕು, ತಗೊಳ್ಳುವವರು ಅದನ್ನೇ ತಿರುಗಿ ಹೇಳಬೇಕು, ಆಮೇಲೆಯೇ ಕೈ ಬಿಡುವುದು. ಇದು ಅವನೇ ಮಾಡಿಕೊಂಡ ಕಟ್ಟಳೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಸರಕ್ಕೆ ಬಿದ್ದು, ಮಾತಿಲ್ಲದೆ ಕೊಟ್ಟ ತಪ್ಪು ಬಾಟಲಿಯಿಂದ ಒಬ್ಬ ವಿದ್ಯಾರ್ಥಿನಿಯ ಅಂಗೈ ಸುಟ್ಟಿತ್ತು. ಆ ಸಂಕಟ ಇನ್ನೂ ಅವನನ್ನು ಬಿಟ್ಟಿಲ್ಲ.

ಈಗ ಬಂತು ನೋಡಿ ಫಜೀತಿ! ಅದೇ ಲ್ಯಾಬಿಗೆ ಅವನ ಮಗಳೇ ಲೆಕ್ಚರರ್ ಆಗಿ ಬಂದಳು.

"ನಾನು ಬಾಯಿ ಬಿಟ್ರೆ ಹುಡುಗ್ರು ನಗ್ತಾರೆ. ಮೊದಲನೇ ದಿನಾನೇ ಅವಳ ಮರ್ಯಾದೆ ಮೂರು ಕಾಸಾಗುತ್ತೆ ಕಣೇ," ಎಂದು ಹೆಂಡತಿಯ ಮುಂದೆ ಗೋಳಾಡಿದ.

"ಸುಮ್ನಿರಿ, ಅವಳಿಗೆ ನಿಮ್ಮ ಬಾಯಿ ಹೊಸದಾ?" ಎಂದಳು ಅವಳು.

ಅವನು 'ಸುಮ್ನಿರಿ' ಎಂಬುದನ್ನಷ್ಟೇ ಗಟ್ಟಿಯಾಗಿ ಹಿಡಿದುಕೊಂಡ.

ಮೊದಲ ಕ್ಲಾಸಿನಲ್ಲಿ ಮಗಳು ಕೈ ಚಾಚಿದಳು. ಅವನು ನೇರಳೆ ದ್ರಾವಣದ ಬಾಟಲಿಯನ್ನು ತಲೆ ತಗ್ಗಿಸಿಕೊಂಡು ನೀಡಿದ. ಅವಳು ಹಿಡಿಯಲಿಲ್ಲ.

"ಹೆಸರು?"

"ಚೀಟಿ ಇದೆಯಲ್ಲಮ್ಮಾ... ಮೇಡಂ."

"ಹೆಸರು ಹೇಳದೆ ತಗೋಬಾರ್ದು ಅಂತ ಕಲಿಸಿದ್ದೇ ನೀವು, ಅಪ್ಪಾ."

ಅವನು ಮೆಲ್ಲಗೆ, "ಪೊಟಾಶು ಪರ್ಮಾಂಗನೇಟು," ಅಂದ. ಹಿಂದಿನ ಸಾಲು ಕಿಸಕ್ಕನೆ ನಕ್ಕಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

"ಪೊಟಾಶು ಪರ್ಮಾಂಗನೇಟು," ಎಂದು ಮಗಳು ಅದೇ ರಾಗದಲ್ಲಿ ತಿರುಗಿ ಹೇಳಿ ಬಾಟಲಿ ಹಿಡಿದುಕೊಂಡಳು. ಆಮೇಲೆ ಹಿಂದಿನ ಸಾಲಿನ ಕಡೆ ನೋಡಿದಳು.

"ಹಿಂದೆ ಮರದ ಬೂದೀನ ನೀರಲ್ಲಿ ನೆನೆಸಿ, ಆ ನೀರನ್ನ ಪಾತ್ರೇಲಿ ಇಂಗಿಸ್ತಿದ್ರು. ಉಳಿದದ್ದಕ್ಕೆ ಪಾಟ್-ಆಶ್ ಅಂದ್ರು, ಪಾತ್ರೆ ಬೂದಿ ಅಂತ. ಪೊಟಾಶ್ ಮೊದಲು ಹುಟ್ಟಿದ್ದು. ಪೊಟ್ಯಾಸಿಯಂ ಅದರ ಮಗಳು. ಮಗಳಿಗೆ ನಾಲ್ಕಕ್ಷರ ಜಾಸ್ತಿ ಬಂದಿರಬಹುದು. ಅಷ್ಟಕ್ಕೇ ಹೆತ್ತವರು ತಪ್ಪಾಗಿಬಿಡ್ತಾರಾ?"

ಯಾರೂ ನಗಲಿಲ್ಲ. ಅವನು ತೋಳಿನಲ್ಲಿ ಕಣ್ಣೊರೆಸಿಕೊಂಡು ಮುಂದಿನ ಬಾಟಲಿ ಎತ್ತಿಕೊಂಡ, ಚೀಟಿ ಓದಿದ. ಹೆಸರನ್ನು ಅದೆಷ್ಟು ಗಟ್ಟಿಯಾಗಿ ಕೂಗಿದನೆಂದರೆ, ಪಕ್ಕದ ಕ್ಲಾಸಿನ ಮೇಷ್ಟ್ರು ಪಾಠ ನಿಲ್ಲಿಸಿ ಬಾಗಿಲಲ್ಲಿ ಇಣುಕಿದರು.