ಒಂದೇ ಕ್ಯಾಸೆಟ್ಟಿನಲ್ಲಿ ನಾಲ್ಕು ಜನ

ನಮ್ಮ ಇಂಗ್ಲಿಷ್ ಫೋರ್‌ಮನ್ ತನ್ನ ಬ್ಯಾಂಡಿನ ಹಾಡನ್ನು ಮೊದಲ ಸಲ ಕೇಳಿಸಿದಾಗ ನಾನು ಮುಖದ ಮೇಲೇ ಹೇಳಿಬಿಟ್ಟಿದ್ದೆ, ‘ಇದು ಹಾಡಲ್ಲ ಸರ್, ಜಗಳ’ ಎಂದು. ಅವನಿಗೆ ಸಿಟ್ಟು ಬರಲಿಲ್ಲ. ‘ಜಗಳವೇ. ಪಂಕ್ ಅಂದರೆ ಅದೇ’ ಎಂದು ನಕ್ಕ. ನನಗೇ ಸಿಟ್ಟು ಬಂತು. ಮಧ್ಯಾಹ್ನ ಊಟಕ್ಕೆ ಸಿಗುತ್ತಿದ್ದದ್ದು ಅರ್ಧ ಗಂಟೆ. ಕಬ್ಬಿಣ ಉಜ್ಜುವ ಗ್ರೈಂಡರಿನ ಸದ್ದು ನಿಂತಿತಲ್ಲ ಎಂದು ಕಿವಿ ಸುಧಾರಿಸಿಕೊಳ್ಳುವ ಹೊತ್ತಿಗೆ ಈ ಮಾರಾಯನ ಟೇಪ್ ರೆಕಾರ್ಡರ್ ಶುರುವಾಗುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು. ಗದಗಿನ ಕಡೆಯವನಾದ ನಾನು ದೋಹಾದ ಹೊರಗಿನ ಒಂದು ಶೆಡ್ಡಿನಲ್ಲಿ ಪೈಪ್ ಫಿಟ್ಟರ್ ಆಗಿದ್ದೆ. ಮದುವೆಯಾಗಿ ಎರಡೇ ತಿಂಗಳಿಗೆ ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದಿದ್ದೆ. ಫೋರ್‌ಮನ್‌ಗೆ ನಲವತ್ತರ ಹತ್ತಿರ ವಯಸ್ಸು, ಕೆಂಪು ಕುತ್ತಿಗೆ, ಬಾಯಿ ತೆರೆದರೆ ಬೈಗುಳ. ಆದರೆ ವೆಲ್ಡಿಂಗ್ ರಾಡ್ ಹಿಡಿದನೆಂದರೆ ನಾವೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದೆವು.

ಅವನ ಬ್ಯಾಂಡಿನಲ್ಲಿ ಇದ್ದದ್ದು ಇಬ್ಬರೇ. ಗಿಟಾರು ಮತ್ತು ಹಾಡು ಇವನದು, ಡ್ರಮ್ಮು ಗೆಳೆಯನದು. ಇಬ್ಬರೂ ಉತ್ತರ ಇಂಗ್ಲೆಂಡಿನ ಒಂದೇ ಬೀದಿಯವರು, ಹದಿನಾರಕ್ಕೇ ಒಂದೇ ಎರಕದ ಕಾರ್ಖಾನೆ ಸೇರಿದವರು. ‘ಇಬ್ಬರೇ ಯಾಕೆ?’ ಎಂದು ಕೇಳಿದೆ. ಮೂರನೆಯವನೊಬ್ಬ ಇದ್ದನಂತೆ, ಆದರೆ ಅವನ ಶಿಫ್ಟು ಇವರ ಶಿಫ್ಟಿಗೆ ಕೂಡಿಬರಲಿಲ್ಲವಂತೆ! ಹಾಗಾಗಿ ಎಲ್ಲ ಸದ್ದನ್ನೂ ಇಬ್ಬರೇ ಮಾಡಬೇಕಾಯಿತು. ಇವನು ಗಿಟಾರಿನ ದಪ್ಪ ತಂತಿಯನ್ನು ಇನ್ನಷ್ಟು ಸಡಿಲ ಮಾಡಿ ಗುಡುಗಿಸಿದ, ಅವನು ಎಲ್ಲೂ ಖಾಲಿ ಜಾಗ ಬಿಡದಂತೆ ಬಾರಿಸಿದ. ಒಂದೊಂದು ಹಾಡೂ ಎರಡು ನಿಮಿಷದೊಳಗೆ ಮುಗಿಯುತ್ತಿತ್ತು. ಕಾರ್ಮಿಕರ ಕ್ಲಬ್ಬುಗಳಲ್ಲಿ ಮುದುಕರು ಇವರತ್ತ ಬಿಯರ್ ಎರಚಿದ್ದಾರೆ. ಮುಷ್ಕರದ ವರ್ಷ ಕಾರ್ಖಾನೆಯ ಗೇಟಿನೆದುರು ಲಾರಿ ಮೇಲೆ ನಿಂತು ಬಾರಿಸಿದಾಗ ಅದೇ ಮುದುಕರು ಅತ್ತಿದ್ದಾರೆ. ಒಂದು ಪುಟ್ಟ ರೆಕಾರ್ಡು ಬಂತು. ಅದರ ಹೊದಿಕೆಗಳನ್ನು ಅಡುಗೆಮನೆಯ ಮೇಜಿನ ಮೇಲೆ ತಾವೇ ಅಂಟಿಸಿದರು. ಲಂಡನ್ನಿಗೆ ಒಮ್ಮೆ ಹೋದಾಗ ಮೈಕಿನವನು ‘ಉಳಿದವರು ಯಾವಾಗ ಬರುತ್ತಾರೆ?’ ಎಂದು ಕೇಳಿದನಂತೆ. ಆಮೇಲೆ ಕಾರ್ಖಾನೆ ಮುಚ್ಚಿತು. ಗೆಳೆಯ ಹಾಲಿನ ವ್ಯಾನು ಓಡಿಸತೊಡಗಿದ, ಇವನು ಗಲ್ಫಿಗೆ ಬಂದ.

ಬ್ಯಾಂಡು ಮುರಿಯಿತಲ್ಲ ಎಂದು ನಾನು ಮರುಕ ತೋರಿಸಿದರೆ, ‘ಯಾರು ಹೇಳಿದ್ದು ಮುರಿಯಿತು ಅಂತ?’ ಎಂದು ನನ್ನನ್ನೇ ಗದರಿಸಿದ. ತನ್ನ ಕೋಣೆಯಲ್ಲಿ ಗಿಟಾರು ಬಾರಿಸಿ ಹಾಡಿ, ಕ್ಯಾಸೆಟ್ ಮಾಡಿ ಅಂಚೆಗೆ ಹಾಕುತ್ತಿದ್ದ. ಗೆಳೆಯ ತನ್ನ ಗ್ಯಾರೇಜಿನಲ್ಲಿ ಒಂದು ಯಂತ್ರದಲ್ಲಿ ಅದನ್ನು ಜೋರಾಗಿ ಹಚ್ಚಿ, ಜೊತೆಗೆ ಡ್ರಮ್ ಬಾರಿಸಿ, ಎರಡನ್ನೂ ಕೂಡಿಸಿ ಇನ್ನೊಂದು ಯಂತ್ರದಲ್ಲಿ ಹಿಡಿದು ಕಳಿಸುತ್ತಿದ್ದ. ಅಂಚೆಯಲ್ಲೇ ನಡೆಯುತ್ತಿದ್ದ ಬ್ಯಾಂಡು.

ಇದನ್ನು ಕೇಳಿದ ಮೇಲೆ ಆ ಮನುಷ್ಯ ನನಗೆ ಹತ್ತಿರದವನಾದ. ಯಾಕೆಂದರೆ ನನ್ನ ಸಂಸಾರ ನಡೆಯುತ್ತಿದ್ದದ್ದೂ ಹಾಗೆಯೇ. ಹೆಂಡತಿಗೆ ಓದು ಬರಹ ಬರುತ್ತಿತ್ತು, ಆದರೆ ಕಾಗದ ಬೇಡ ಎನ್ನುತ್ತಿದ್ದಳು. ‘ಅಕ್ಷರ ಎಲ್ಲಾರ್ದೂ ಒಂದ ಇರ್ತಾವ, ನಿಮ್ಮ ಧ್ವನಿ ಕಳಸ್ರಿ’ ಎಂಬುದು ಅವಳ ಹುಕುಂ. ನಾನು ಮಾತಾಡಿ ಕಳಿಸುತ್ತಿದ್ದೆ. ನನ್ನ ಮಾತು ಮುಗಿದಲ್ಲಿಂದ ಅದೇ ಕ್ಯಾಸೆಟ್ಟಿನಲ್ಲಿ ಅವಳು ಉತ್ತರ ತುಂಬಿ ಕಳಿಸುತ್ತಿದ್ದಳು. ಫೋರ್‌ಮನ್‌ನ ಹಾಡು ಕೇಳಿ ಕೇಳಿ ನನ್ನ ಕಿವಿಯೂ ಪಳಗಿತು. ಶೆಡ್ಡಿನಲ್ಲಿ ಪೈಪಿಗೆ ಸುತ್ತಿಗೆ ಹೊಡೆಯುವಾಗ ಆ ಡ್ರಮ್ಮಿನ ಏಟು ತಾನಾಗಿ ಕೈಗೆ ಬರುತ್ತಿತ್ತು, ಫೋರ್‌ಮನ್ ಆ ಕಡೆಯಿಂದ ‘ಯಲ್ಲಾ, ನಡೀಲಿ!’ ಎಂದು ಕಿರುಚುತ್ತಿದ್ದ. ಅಂಥ ಖುಷಿಯ ದಿನಗಳು ಆಮೇಲೆ ನನಗೆ ಹೆಚ್ಚು ಬರಲಿಲ್ಲ.

ಒಂದು ಗುರುವಾರ ಅವನು ಸಪ್ಪಗಿದ್ದ. ಗೆಳೆಯನಿಂದ ಕ್ಯಾಸೆಟ್ ಬಂದಿತ್ತು, ಜೊತೆಗೊಂದು ಚೀಟಿ: ಮಣಿಕಟ್ಟು ಪೂರ್ತಿ ಹೋಗಿದೆ, ಇನ್ನು ಕೋಲು ಹಿಡಿಯಲಾರೆ, ಇದೇ ಕೊನೆಯದು. ದೋಹಾದ ಅಲ್ ಮನ್ಸೂರಾ ಬಡಾವಣೆಯ ನಮ್ಮ ಕೋಣೆಯಲ್ಲಿ ಎರಡು ಕ್ಯಾಸೆಟ್ ಹಾಕುವ ಯಂತ್ರವಿತ್ತು. ‘ಒಂದು ಕಾಪಿ ಮಾಡಿಕೊಡು, ಜೋಪಾನ’ ಎಂದು ಕ್ಯಾಸೆಟ್ಟನ್ನು ನನ್ನ ಕೈಗೆ ಕೊಟ್ಟ. ನಾನು ಜಂಬದಿಂದ ಸೂಕಿಗೆ, ಅಂದರೆ ಅಲ್ಲಿನ ಪೇಟೆಗೆ, ಹೋಗಿ ಅದೇ ಕಂಪನಿಯ, ಅದೇ ಬಣ್ಣದ ಖಾಲಿ ಕ್ಯಾಸೆಟ್ ಹುಡುಕಿ ತಂದೆ. ಅಲ್ಲೇ ಕೆಟ್ಟದ್ದು.

ಮರುದಿನ ಶುಕ್ರವಾರ, ಮಂಗಳೂರು ಕಡೆಯ ನನ್ನ ರೂಮ್‌ಮೇಟ್ ಊರಿಗೆ ಹೊರಟಿದ್ದ. ಬಾಗಿಲಲ್ಲಿ ನಿಂತು, ‘ಎಂತ ಮಾರಾಯ, ಹೆಂಡತಿಗೆ ಕ್ಯಾಸೆಟ್ ಉಂಟು ಅಂದಿದ್ದೆಯಲ್ಲ, ಬೇಗ ಕೊಡು. ಬೊಂಬಾಯಲ್ಲಿ ಪೋಸ್ಟಿಗೆ ಹಾಕ್ತೇನೆ’ ಎಂದು ಅವಸರ ಮಾಡಿದ. ಸ್ನಾನ ಮಾಡಿ ಬರುತ್ತೇನೆ, ಅಷ್ಟರಲ್ಲಿ ಮಾತಾಡಿ ಮುಗಿಸು ಎಂದ. ಕೈಗೆ ಸಿಕ್ಕ ಕ್ಯಾಸೆಟ್ ತುರುಕಿ, ಹನ್ನೆರಡು ನಿಮಿಷ ಮಾತಾಡಿ, ಬಿಚ್ಚಿ ಕೊಟ್ಟೆ. ಅವನು ಹೋದ ಮೇಲೆ ಆರಾಮಾಗಿ ಕಾಪಿ ಮಾಡಲು ಕೂತೆ. ಸುಂಯ್ ಎಂಬ ಸದ್ದು ಬಿಟ್ಟರೆ ಏನೂ ಇಲ್ಲ. ತಿರುವಿ ಹಾಕಿದೆ. ಆಗಲೂ ಇಲ್ಲ. ವಿಮಾನ ನಿಲ್ದಾಣ ನಮಗೆ ಹತ್ತಿರ. ನಮ್ಮ ತಾರಸಿಯ ಮೇಲೆ ವಿಮಾನ ಹಾದುಹೋಯಿತು. ನಾನು ಮಾತು ತುಂಬಿ ಕಳಿಸಿದ್ದು ಫೋರ್‌ಮನ್‌ನ ಕ್ಯಾಸೆಟ್ಟಿನ ಮೇಲೆ!

ಶನಿವಾರ ಹೋಗಿ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಬಕೆಟ್ಟೊಂದನ್ನು ಒದ್ದು, ‘ಖಲಾಸ್’ ಎಂದು ಹೊರಗೆ ಹೋಗಿ ಬಿಸಿಲಲ್ಲಿ ನಿಂತ. ಅವನ ಆಸೆ ಇನ್ನೂ ಅರ್ಧ ಉಳಿದಿತ್ತು. ಹತ್ತು ಹಾಡುಗಳಲ್ಲಿ ಆರರ ಮೇಲೆ ನನ್ನ ಮಾತು ಕೂತಿತ್ತು, ನಾಲ್ಕು ಇದ್ದವು. ಆದರೆ ಅವುಗಳ ಮೇಲೆ ನನ್ನ ಹೆಂಡತಿ ಮಾತಾಡುವವಳಿದ್ದಳು. ನಮ್ಮೂರಲ್ಲಿ ಫೋನಿಲ್ಲ. ತಾರು ಕೊಡೋಣವೆಂದರೆ, ನಮ್ಮ ಕಡೆ ತಾರು ಬಂತೆಂದರೆ ಸಾವಿನ ಸುದ್ದಿ ಎಂದೇ ಅರ್ಥ. ಒಡೆದು ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು. ಆ ಧೈರ್ಯ ನನಗಾಗಲಿಲ್ಲ. ‘ಕ್ಯಾಸೆಟ್ಟಿನಲ್ಲಿ ಏನೂ ತುಂಬಬೇಡ, ಹಾಗೇ ವಾಪಸ್ ಕಳಿಸು’ ಎಂದು ಕಾಗದ ಬರೆದೆ. ದೋಹಾದ ಕಾಗದಕ್ಕೆ ಹದಿನೈದು ದಿನ, ಬೊಂಬಾಯಿಯ ಅಂಚೆಗೆ ಐದು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಳ್ಳಲ್ಲ.

ಒಂದೂವರೆ ತಿಂಗಳಿಗೆ ಕ್ಯಾಸೆಟ್ ಬಂತು. ಫೋರ್‌ಮನ್ ಶುಕ್ರವಾರ ನಮ್ಮ ಕೋಣೆಗೇ ಬಂದ, ಚಾಪೆಯ ಮೇಲೆ ಕಾಲು ಮಡಚಲಾಗದೆ ಚಾಚಿಕೊಂಡು ಕೂತ. ಮುಂದಕ್ಕೆ ಓಡಿಸುತ್ತೇನೆ ಎಂದರೆ ಬೇಡವೆಂದ. ನನ್ನ ಹನ್ನೆರಡು ನಿಮಿಷದ ಮಾತನ್ನು ಒಂದಕ್ಷರ ತಿಳಿಯದೆ ಕೇಳಿದ. ಆಮೇಲೆ ಅವಳ ಧ್ವನಿ ಬಂತು. ಐದು ನಿಮಿಷ, ಆರು ನಿಮಿಷ. ಅವಳು ನಿಲ್ಲಿಸಿದ ಕೂಡಲೇ ಡ್ರಮ್ಮು ಸಿಡಿಯಿತು. ಉಳಿದಿದ್ದದ್ದು ಒಂದೇ ಹಾಡು, ಅದೂ ನಡುವಿನಿಂದ. ಅದರ ಕೊನೆಗೆ ಕೋಲು ನೆಲಕ್ಕೆ ಬಿದ್ದ ಸದ್ದು, ಗೆಳೆಯ ನೋವಿನಿಂದ ಉಸಿರೆಳೆದುಕೊಂಡ ಸದ್ದು. ಫೋರ್‌ಮನ್‌ನ ಕಣ್ಣು ತುಂಬಿತ್ತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅವನು ಮೂಗು ಒರೆಸಿಕೊಂಡು, ‘ಡ್ರಮ್ಮಿನ ಮೇಲೆ ಅವಳು ಹೇಳಿದ್ದೇನು?’ ಎಂದು ಕೇಳಿದ. ಏನೋ ಮನೆ ವಿಚಾರ ಎಂದೆ. ‘ಎಲ್ಲಾ ಹೇಳು. ಅದು ನನ್ನ ಜಾಗ’ ಎಂದ. ತಪ್ಪಿಸಿಕೊಳ್ಳುವಂತಿರಲಿಲ್ಲ. ಕ್ಯಾಸೆಟ್ ಹಿಂದಕ್ಕೆ ಓಡಿಸಿ, ನಿಲ್ಲಿಸಿ ನಿಲ್ಲಿಸಿ, ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ.

‘ನಿಮ್ಮ ಮಾತ ಮುಗದ ಮ್ಯಾಲೆ ಅದೇನ್ರೀ ಡಬ್ಬಿ ಬಡದಂಗ? ಕುಡದು ಕುಣ್ಯಾಕ ಹತ್ತೀರೇನು? ಇರ್ಲಿ ಬಿಡ್ರಿ. ನಿಮ್ಮ ಧ್ವನಿ ಕೇಳಿದ್ರ ಮನಿ ಇನ್ನಷ್ಟ ಖಾಲಿ ಅನಸ್ತೈತಿ. ಇನ್ನ ಮ್ಯಾಲೆ ಕ್ಯಾಸೆಟ್ ಕಳಸಬ್ಯಾಡ್ರಿ, ನೀವ ಬರ್ರಿ. ಮನಶ್ಯಾ ಇರೂತನಾ ಮಾರಿ ನೋಡಬೇಕ್ರಿ. ಆಮ್ಯಾಲೆ ಧ್ವನಿ ಇಟಗೊಂಡು ಏನ್ ಮಾಡೂದೈತಿ?’

ಕೊನೆಯ ಮಾತನ್ನು ಅವನು ನನ್ನಿಂದ ಎರಡು ಸಲ ಹೇಳಿಸಿದ. ಚಹಾ ಕುಡಿದು ಎದ್ದುಹೋದ.

ಮುಂದಿನ ತಿಂಗಳು ಕಾಂಟ್ರಾಕ್ಟ್ ಇನ್ನೂ ಒಂದು ವರ್ಷ ಬಾಕಿ ಇರುವಾಗಲೇ ಅವನು ಊರಿಗೆ ಹೊರಟ. ಶೆಡ್ಡಿನವರೆಲ್ಲ ಹುಚ್ಚು ಎಂದರು. ಕೆಲವು ತಿಂಗಳ ಮೇಲೆ ಒಂದು ಕಾರ್ಡು ಬಂತು: ಗೆಳೆಯನಿಂದ ಬಾರಿಸಲಾಗುವುದಿಲ್ಲ, ಆದರೆ ದಿನಾ ಸಂಜೆ ಎದುರು ಕೂತು ನನ್ನ ಗಿಟಾರು ತಪ್ಪಿದಲ್ಲೆಲ್ಲ ಬೈಯುತ್ತಾನೆ.

ಅವಳು ಆ ಮಾತು ಹೇಳಿದ್ದು ನನಗೆ. ನಮ್ಮ ಭಾಷೆಯ ಒಂದು ಅಕ್ಷರ ಬಾರದವನು ಅದನ್ನು ಕೇಳಿ ಹೊರಟುಹೋದ. ನಾನು ಸೂಕಿಗೆ ಹೋಗಿ ಹೊಸ ಕ್ಯಾಸೆಟ್ ತಂದು, ಸದ್ಯಕ್ಕೆ ಯಾಕೆ ಬರಲಾಗುವುದಿಲ್ಲ ಎಂದು ಹದಿನೈದು ನಿಮಿಷ ವಿವರಿಸಿ ಕಳಿಸಿದೆ. ಆ ಕ್ಯಾಸೆಟ್ಟಿಗೆ ಉತ್ತರ ಬರಲಿಲ್ಲ.