ರೊಟ್ಟಿ ಬಡದು ನೋಡ್ರಿ

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಷ್ಟು ದಪ್ಪನೆಯ ಜಡ್ಡು ಇತ್ತು. ನಲವತ್ತು ವರ್ಷ ಕತ್ತರಿ ಹಿಡಿದದ್ದಕ್ಕೆ ದೇವರು ತೊಡಿಸಿದ ಉಂಗುರ ಅಂತ ತಾವೇ ಹೇಳಿಕೊಂಡು ನಗುತ್ತಿದ್ದರು. ಬಾಯಲ್ಲಿ ಸದಾ ನಾಲ್ಕೈದು ಗುಂಡುಪಿನ್ನು. ಅವನ್ನು ತುಟಿಯ ಮೂಲೆಗೆ ಸರಿಸಿಯೇ ಮಾತಾಡುವರು. ಬಿಳಿ ಗಡ್ಡದಲ್ಲಿ ಬಟ್ಟೆಗೆ ಗೆರೆ ಹೊಡೆಯುವ ನೀಲಿ ಸೀಮೆಸುಣ್ಣದ ಪುಡಿ. ಕಣ್ಣು ಮಾತ್ರ ನೆಲದ ಮೇಲೆ, ಇಲ್ಲವೆ ಬಟ್ಟೆಯ ಮೇಲೆ. ಎದುರಿಗೆ ಹೆಂಗಸರು ನಿಂತಿದ್ದರೆ ಆ ಕಣ್ಣು ಮೇಲೇಳುತ್ತಲೇ ಇರಲಿಲ್ಲ.

ದೇಶಪಾಂಡೆ ನಗರದಲ್ಲಿ ನಮ್ಮ ಓಣಿಯ ತುದಿಗೆ ಅವರ ಹೊಲಿಗೆ ಅಂಗಡಿ. ಎಲ್ಲರಿಗೂ ಅವರು ಟೇಲರ್ ಮಾಸ್ತರ. ನಾನು ಉಪ್ಪಿನಬೆಟಗೇರಿಯಿಂದ ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೊದಲ ಶ್ರಾವಣದಲ್ಲಿ ಅತ್ತೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಮಾಸ್ತರು ಹೆಂಗಸರ ಮೈಗೆ ಟೇಪು ಹಿಡಿಯುತ್ತಿರಲಿಲ್ಲ. ಸೀರೆಯ ಜೊತೆ ತೊಡುವ ಹಳೆಯ ಜಂಪರೊಂದನ್ನು ಕೊಟ್ಟರೆ ಅದರ ಮೇಲೆಯೇ ಅಳತೆ. ಆದರೆ ಹೊಲಿದಾದ ಮೇಲೆ ಹಾಗೇ ಕೊಟ್ಟು ಕಳಿಸುವವರೂ ಅಲ್ಲ. ಪರದೆಯ ಹಿಂದೆ ಹೋಗಿ ತೊಟ್ಟುಕೊಳ್ಳಬೇಕು. ಅವರು ಗೋಡೆಯ ಕಡೆ ಮುಖ ಮಾಡಿ ನಿಂತು ಕೇಳುವರು:

"ಕೈ ಮ್ಯಾಲ ಎತ್ರಿ ಅಕ್ಕಾರ. ಎತ್ತಿದ್ರೇನ್ರಿ? ಈಗ ಕುಂದರ್ರಿ. ಕುಂತು ರೊಟ್ಟಿ ಬಡೀರಿ."

"ಏನ್ ಬಡೀಬೇಕ್ರಿ?"

"ರೊಟ್ಟಿರಿ, ಜ್ವಾಳದ ರೊಟ್ಟಿ. ಹಿಟ್ಟ ಬ್ಯಾಡ, ಸುಮ್ನ ಗಾಳ್ಯಾಗ ಬಡದು ನೋಡ್ರಿ. ಕಂಕಳಾಗ ಜಗ್ಗತೈತೇನ್ರಿ?"

ಹೊಸ ಸೊಸೆ ನಾನು, ನಗು ತಡೆಯದೆ ಸೆರಗು ಬಾಯಿಗೆ ಒತ್ತಿಕೊಂಡು ಗಾಳಿಯಲ್ಲಿ ರೊಟ್ಟಿ ಬಡಿದೆ. ಜಗ್ಗಿತು. ಹೇಳಿದೆ. ಅಲ್ಲೇ ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಟ್ಟರು. "ಜಂಪರ ನಿಂತು ತೋರಸೂದಕ್ಕಲ್ರಿ, ದುಡಿಯೂದಕ್ಕ" ಅಂದರು. ಅಲ್ಲಿಯವರೆಗೆ ನಾನು ತೊಟ್ಟ ಜಂಪರುಗಳೆಲ್ಲ ಕಂಕುಳಲ್ಲಿ ಕಡಿಯುತ್ತಿದ್ದವು. ಅದು ಹೆಣ್ಣಿನ ಹಣೆಬರಹವೇ ಇರಬೇಕು ಅಂತ ನಾನು ಯಾರಿಗೂ ಹೇಳಿರಲಿಲ್ಲ. ನನ್ನ ಮುಖ ಕೂಡ ನೋಡದ ಒಬ್ಬ ಗಂಡಸು ನಾನು ರೊಟ್ಟಿ ಬಡಿಯುವಾಗ ಏನಾಗುತ್ತದೆ ಅಂತ ಯೋಚಿಸಿದ್ದರು. ಆ ದಿನ ಸಂಜೆ ಲಿಂಗಪೂಜೆಗೆ ಕೂತಾಗ ದೇವರಿಗೆ ಅದನ್ನೂ ಒಂದು ಕೃಪೆ ಅಂತ ಎಣಿಸಿ ಹೇಳಿದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಎಲ್ಲರೂ ರೆಡಿಮೇಡ್ ಬಟ್ಟೆಗೆ ಹೋದರು. ಹೊಲಿಗೆ ಕಡಿಮೆಯಾಯಿತು. ಮಾಸ್ತರ ಅಳಿಯ ಅಂಗಡಿಯ ಮುಂದಿನ ಅರ್ಧದಲ್ಲಿ ಎರಡು ಟಿವಿ ಇಟ್ಟು ವಿಡಿಯೋ ಗೇಮ್ ಶುರು ಮಾಡಿದ. ಮುಂದೆ ಗೇಮು, ಹಿಂದೆ ಹೊಲಿಗೆ ಮಷೀನು, ನಡುವೆ ಒಂದು ಪರದೆ. ಎಂಟನೆಯ ತರಗತಿ ಓದುತ್ತಿದ್ದ ನನ್ನ ಮಗಳು ಅಲ್ಲಿ ನಿಂತರೆ ಕಾಲು ಕೀಳುತ್ತಿರಲಿಲ್ಲ.

ಒಂದು ದಿನ ಅವಳನ್ನು ಎಳೆದು ತರಲು ಹೋದೆ. ಟಿವಿಯಲ್ಲಿ ಒಬ್ಬ ಹುಡುಗಿ. ಆ ಆಟಕ್ಕೆ ಆಕೆಯೇ ನಾಯಕಿಯಂತೆ. ಕೈಯಲ್ಲಿ ಆಳುದ್ದದ ಕತ್ತಿ. ಎದೆಗೆ ಅಂಗೈಯಗಲದ ಎರಡು ತಗಡು, ಸೊಂಟಕ್ಕೊಂದು ಪಟ್ಟಿ, ಕಾಲಿಗೆ ಎತ್ತರದ ಹಿಮ್ಮಡದ ಬೂಟು. ಉಳಿದದ್ದೆಲ್ಲ ಬರೀ ಮೈ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಸುಳ್ಳು ಬರೆಯಲಾರೆ: ಅಷ್ಟರಲ್ಲಿ ಆಕೆ ಒಂದು ದೊಡ್ಡ ಕಂದರವನ್ನು ಓಡಿಬಂದು ಹಾರಿಬಿಟ್ಟಳು. ಮಗಳ ಕೈ ಹಿಡಿದಿದ್ದ ನಾನು ಉಸಿರು ಬಿಗಿಹಿಡಿದು ನಿಂತುಬಿಟ್ಟೆ. ದೊಡ್ಡವಳಾದ ಮೇಲೆ ನಾನು ಒಂದು ಗಟಾರವನ್ನೂ ಹಾರಿದವಳಲ್ಲ.

ಆಮೇಲೆ ಸಿಟ್ಟು ನೆನಪಾಯಿತು. "ಮಾಸ್ತರ, ಇದೇನ್ ಅಸಹ್ಯರಿ! ಹೆಣ್ಣಮಕ್ಕಳು ಬರೂ ಅಂಗಡಿ ಇದು."

ಮಾಸ್ತರು ಪರದೆ ಸರಿಸಿ ಬಂದರು. ಬೇರೆ ಟೇಲರು ಹೊಲಿದ ಬಟ್ಟೆಯನ್ನು ತಿರುವಿ ನೋಡುವಂತೆ ಟಿವಿಯನ್ನು ಬಹಳ ಹೊತ್ತು ನೋಡಿದರು.

"ಅಸಹ್ಯದ ಮಾತ ಆಮ್ಯಾಲ ಅಕ್ಕಾರ. ಇದನ್ನ ಹೊಲದಾಂವ ಈ ಹುಡುಗಿನ್ನ ಒಮ್ಮೆರ ಓಡಸಿ ನೋಡಿಲ್ರಿ. ಎದಿಗೆ ತಗಡ, ಹೊಟ್ಟಿ ಖಾಲಿ. ಕತ್ತಿ ಏನ್ ಎದೀನ ಹುಡುಕ್ಕೊಂಡ ಬರತೈತೇನ್ರಿ?"

ಅಳಿಯ ನಕ್ಕ. "ಮಾವಾ, ಇದು ಆಟ ಐತ್ರಿ."

"ಆಟ ಇರಲಿ. ಅದರಾಗ ಓಡಾಕಿ ಆಕೀನ ಅಲ್ಲೇನಪಾ? ಅಲ್ಲಿ ನೋಡು, ಆ ಗಂಡಸಿಗೆ ಕುತಗಿಯಿಂದ ಪಾದದ ತನಕ ಕಬ್ಬಿಣ ತೊಡಸ್ಯಾರ. ಬಟ್ಟಿ ಬರೇ ಆಕೀಗೇ ಕಡಿಮಿ ಬಿತ್ತೇನು?"

ಅಂದಿನಿಂದ ಯಾವ ಹೊಸ ಗೇಮು ಬಂದರೂ ಅದರಲ್ಲಿನ ಹುಡುಗಿಯನ್ನು ಮಾಸ್ತರು ಪರೀಕ್ಷೆ ಮಾಡುವುದು ರೂಢಿಯಾಯಿತು. ಒಂದರಲ್ಲಿ ರಾಜಕುಮಾರಿಯೊಬ್ಬಳು ಕೋಟೆಯಲ್ಲಿ ಕೂತು, ಯಾರಾದರೂ ಬಂದು ಬಿಡಿಸಲಿ ಅಂತ ಕಾಯುತ್ತಿದ್ದಳು. ಮೈತುಂಬ ನೆರಿಗೆಯ ಬಟ್ಟೆ. "ಈಕೀಗೆ ಭಾಳ ಛಲೋ ಹೊಲದಾರ" ಅಂದರು ಮಾಸ್ತರು. "ಯಾಕಂದ್ರ ಈಕಿ ಕುಂತಲ್ಲಿಂದ ಏಳೂದ ಇಲ್ಲ."

ಆ ವರ್ಷವೇ ಮಗಳು ಶಾಲೆಯ ಖೋ-ಖೋ ತಂಡಕ್ಕೆ ಆಯ್ಕೆಯಾಗುವ ಹಂತಕ್ಕೆ ಬಂದಳು. ಧಾರವಾಡದಲ್ಲಿ ಪಂದ್ಯ. ಉಳಿದ ಹುಡುಗಿಯರಿಗೆಲ್ಲ ಚಡ್ಡಿ. ನಮ್ಮ ಅತ್ತೆ ಒಂದೇ ಮಾತು ಹೇಳಿದರು: "ದೊಡ್ಡಾಕಿ ಆದ ಹುಡುಗಿ ಚಡ್ಡಿ ಹಾಕ್ಕೊಂಡ ಬೈಲಾಗ ಓಡೂದು ನಮ್ಮ ಮನ್ಯಾಗ ನಡಿಯಂಗಿಲ್ಲ." ನಮ್ಮವರು "ಅವ್ವ ಹೇಳಿದಂಗ" ಅಂದು ಪೇಪರು ಬಿಡಿಸಿದರು. ಆಟದ ಟೀಚರು ಒಳ್ಳೆಯವರು. "ಬಣ್ಣ ನೀಲಿ ಇದ್ರ ಸಾಕ್ರಿ, ಏನರ ಹಾಕ್ರಿ. ಸೋಮವಾರ ಆರಸ್ತೇವಿ" ಅಂದರು.

ಮಾಸ್ತರ ಹತ್ತಿರ ಓಡಿದೆ. "ಮೈ ಒಂದಿಷ್ಟೂ ಕಾಣಬಾರದ್ರಿ" ಅಂದೆ. ಅವರು ನಾನು ಹೇಳಿದಂತೆಯೇ ಹೊಲಿದರು. ಹಿಮ್ಮಡದವರೆಗೆ ಬಿಗಿಯಾದ ಪೈಜಾಮ, ಮಂಡಿ ಮುಚ್ಚುವ ಅಂಗಿ. ಮಗಳು ಪರದೆಯ ಹಿಂದೆ ಗಾಳಿಯಲ್ಲಿ ರೊಟ್ಟಿ ಬಡಿದಳು. ಜಗ್ಗಲಿಲ್ಲ. ಅತ್ತೆಯೂ ಒಪ್ಪಿದರು.

ಶನಿವಾರ ಬೆಳಿಗ್ಗೆ ಅಭ್ಯಾಸ. ಸಾಲಿನಲ್ಲಿ ಮಂಡಿಯೂರಿ ಕೂತಿದ್ದಾಳೆ, ಹಿಂದಿನಿಂದ "ಖೋ" ಅಂದಿದ್ದಾರೆ, ಇವಳು ಚಿಮ್ಮಿ ಎದ್ದಿದ್ದಾಳೆ. ಪೈಜಾಮ ತೊಡೆಯ ಸಂದಿಯಲ್ಲಿ ಪರ್ರನೆ ಹರಿದು, ಮಗು ಮುಖ ಅಡಿಯಾಗಿ ಬಿದ್ದಿತು. ಹುಡುಗಿಯರು ನಕ್ಕರು. ಮನೆಗೆ ಬಂದವಳು ಸ್ಕೂಲ್‌ಬ್ಯಾಗನ್ನು ಸೊಂಟಕ್ಕೆ ಅಡ್ಡ ಹಿಡಿದುಕೊಂಡೇ ಹೊಸ್ತಿಲಲ್ಲಿ ನಿಂತಳು. "ನಾ ಇನ್ನ ಆಡಂಗಿಲ್ಲ ಅವ್ವಾ. ಯಾವತ್ತೂ ಆಡಂಗಿಲ್ಲ" ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಹರಿದ ಪೈಜಾಮ ಹಿಡಿದು ಅಂಗಡಿಗೆ ಹೋದೆ. ಬೈಯಲು ಹೋದದ್ದು ಖರೆ. ಮಾಸ್ತರು ಹರಿದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತ ಕೂತರು. ಬಾಯಿಂದ ಪಿನ್ನುಗಳನ್ನು ಒಂದೊಂದೇ ತೆಗೆದು ಡಬ್ಬಿಗೆ ಹಾಕಿದರು. ಅವರು ಬಾಯಿ ಖಾಲಿ ಮಾಡಿಕೊಂಡು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಆ ಗೇಮ್ ಮಾಡಿದಾಂವನ್ನ ಬೈದೆನ್ರಿ ಅಕ್ಕಾರ. ನಾನೂ ಅದನ್ನ ಮಾಡೀನಿ. ಅಂವ ನೋಡಾವರ ಸಲುವಾಗಿ ಬಿಚ್ಚಿದಾ, ನಾ ನೋಡಾವರ ಸಲುವಾಗಿ ಮುಚ್ಚಿದೆ. ಓಡಾಕಿನ್ನ ಇಬ್ಬರೂ ಕೇಳಲಿಲ್ಲ."

ನನಗೆ ಬೈಗುಳ ಮರೆತುಹೋಯಿತು. ಮುಚ್ಚಿರಿ ಅಂದವಳು ನಾನು. ತಪ್ಪನ್ನು ಅವರು ತಮ್ಮ ಮೇಲೆ ಹಾಕಿಕೊಂಡಿದ್ದರು.

"ನಾಳೆ ಕೂಸಿನ್ನ ಕರಕೊಂಡ ಬರ್ರಿ" ಅಂದರು.

ಭಾನುವಾರ ಅಳಿಯನಿಗೆ ಹೇಳಿ ಗೇಮು ಬಂದ್ ಮಾಡಿಸಿದ್ದರು. ಅಂಗಡಿಯ ಮುಂದೆ ಓಣಿಯಲ್ಲಿ ಎರಡು ಸ್ಟೂಲು, ಖೋ-ಖೋ ಕಂಬದ ಬದಲಿಗೆ. "ಬೇಟಾ, ನಿನ್ನ ಆಟ ನನಗ ಗೊತ್ತಿಲ್ಲ. ರೊಟ್ಟಿ ಅಷ್ಟ ಗೊತ್ತು. ಹೆಂಗ ಏಳ್ತಿ, ಹೆಂಗ ತಿರಗತಿ, ತೋರಸು" ಅಂದರು. ಹಳೆಯ ಸಡಿಲ ಸಲವಾರು ತೊಟ್ಟ ಮಗಳು ಮೊದಲು ನಾಚಿದಳು. ಆಮೇಲೆ ಕೂತಳು, ಎದ್ದಳು, ಓಡಿದಳು, ಸ್ಟೂಲು ಹಿಡಿದು ಗರ್ರನೆ ತಿರುಗಿದಳು. ಇಷ್ಟು ವರ್ಷ ನೆಲ ನೋಡುತ್ತಿದ್ದ ಮಾಸ್ತರು ಆ ದಿನ ಕಣ್ಣೆತ್ತಿ ನೋಡಿದರು. ಅವಳ ಹೆಜ್ಜೆ ಬಿದ್ದಲ್ಲೆಲ್ಲ ಕುಕ್ಕರಗಾಲಲ್ಲಿ ಕೂತು ನೀಲಿ ಸೀಮೆಸುಣ್ಣದಿಂದ ಗುರುತು ಹಾಕಿದರು. ಎರಡು ಗುರುತುಗಳ ನಡುವೆ ಟೇಪು ಹಿಡಿದರು. ಮೈಯನ್ನು ಅಳೆಯದವರು ಓಟವನ್ನು ಅಳೆಯುತ್ತಿದ್ದರು. ಮಠದಲ್ಲಿ ಆರತಿಯ ಹೊತ್ತಿಗೆ ಬರುವಂಥದೇ ಒಂದು ರೋಮಾಂಚ ನನಗೆ ಆ ಓಣಿಯಲ್ಲಿ ಬಂತು.

ಮಧ್ಯಾಹ್ನದ ನಮಾಜು ಮುಗಿಸಿ ಬಂದು ಒಂದೇ ಕೂತಲ್ಲಿ ಹೊಲಿದರು. ನಿಂತರೆ ಲಂಗದ ಹಾಗೆ ನೆರಿಗೆಯ ಪರಕಾರ, ಓಡಿದರೆ ಚಡ್ಡಿಯ ಹಾಗೆ ಎರಡು ಕಾಲಿನ ಚೊಣ್ಣ. ಉದ್ದ ಮಂಡಿಯಿಂದ ನಾಲ್ಕು ಬೆರಳು ಕೆಳಗೆ. ತೊಡೆಯ ಸಂದಿಗೂ ಅಂಗಿಯ ಕಂಕುಳಿಗೂ ಒಂದೊಂದು ಚೌಕ ತುಂಡು ಕೂಡಿಸಿದ್ದರು. ಅದಕ್ಕೆ ಮಿಯಾನಿ ಅನ್ನುತ್ತಿದ್ದರು. "ಹೊರಗ ಕಾಣೂದಿಲ್ರಿ ಇದು. ಹಾಕ್ಕೊಂಡಾಕಿಗೆ ಅಷ್ಟ ಗೊತ್ತಾಗೂದು."

ಮನೆಯಲ್ಲಿ ಅತ್ತೆ ಸುತ್ತ ಬಂದು ನೋಡಿದರು. "ಪರಕಾರ ಐತಲ್ಲ! ಇದಕ್ಕ ಯಾರ್ ಬ್ಯಾಡ ಅಂತಾರ?" ಮಗಳು ಪಡಸಾಲೆಯಲ್ಲಿ ಒಮ್ಮೆ ಚಿಮ್ಮಿ ತೋರಿಸಿದಳು. ಅತ್ತೆ ಬಾಯಿಗೆ ಕೈ ಇಟ್ಟರು. "ಶಾಣ್ಯಾ ಅದಾನವಾ ಮಾಸ್ತರ. ನನ್ನ ಕಣ್ಣಿಗೂ ಹೊಲದಾನ, ಆಕೀನ ಕಾಲಿಗೂ ಹೊಲದಾನ."

ಸೋಮವಾರ ಆಯ್ಕೆಯಾದಳು. ಧಾರವಾಡಕ್ಕೆ ನಾನೂ ಹೋದೆ. ಎರಡನೆಯ ಸುತ್ತಿನಲ್ಲಿ ಸೋತರು. ಆದರೆ ನಾನು ಕಂಡದ್ದು ಬೇರೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿ ಕಂಬ ಹಿಡಿದು ತಿರುಗಿ, ತನ್ನ ಬಟ್ಟೆಯ ಕಡೆ ಒಮ್ಮೆಯೂ ಕೈ ಹಾಕದೆ ಓಡಿದಳು. ಕಂದರ ಹಾರಿದ ಆ ಹುಡುಗಿಯ ನೆನಪಾಯಿತು. ಆಕೆಗೂ ಒಬ್ಬ ಮಾಸ್ತರು ಸಿಕ್ಕಿದ್ದರೆ ಅನ್ನಿಸಿತು.

ಊರಿಗೆ ಬಂದ ಮೇಲೆ ಮಗಳೂ ಅದನ್ನೇ ಮಾಸ್ತರನ್ನು ಕೇಳಿದಳು. "ಅಜ್ಜಾ, ಆಕೀಗೆ ನೀವ್ ಹೊಲದ್ರ ಹೆಂಗ ಹೊಲಿತಿದ್ರಿ?" ಮಾಸ್ತರು ಖಾಕಿ ಹಾಳೆ ಹರಡಿ ಕತ್ತರಿಸಿದರು. ಹೊಟ್ಟೆ ಮುಚ್ಚುವ ಕವಚ, ಮಿಯಾನಿ ಇಟ್ಟ ಚೊಣ್ಣ, ಚಪ್ಪಟೆ ಬೂಟು. ಅಳಿಯ ಅದನ್ನು ಟಿವಿಯ ಪಕ್ಕ ಗೋಡೆಗೆ ಅಂಟಿಸಿದ. ಏಳೆಂಟು ವರ್ಷದ ಮೇಲೆ ಬಂದ ಒಂದು ಗೇಮಿನಲ್ಲಿ ಹುಡುಗಿ ತುಂಬುತೋಳಿನ ಅಂಗಿ, ದಪ್ಪ ಪ್ಯಾಂಟು ತೊಟ್ಟು ಬೆಟ್ಟ ಹತ್ತುತ್ತಿದ್ದಳು. "ಮಾವಾ, ನಿಮ್ಮ ಹಾಳಿ ಅವರಿಗೆ ಮುಟ್ಟೇತಿ ನೋಡ್ರಿ!" ಅಂತ ಅಳಿಯ ಕೂಗಿದ. ಮಾಸ್ತರಿಗೆ ಆಗಲೇ ಕಣ್ಣು ಮಂಜು. ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು. "ಟಪಾಲ ತಡಾ ಆತು. ಆದ್ರೂ ಮುಟ್ಟೇತಿ" ಅಂದರು.

ಆಮೇಲೆ ಅವರು ಬಹಳ ದಿನ ಉಳಿಯಲಿಲ್ಲ. ರಂಜಾನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಹೋದರು. ಮಣ್ಣಾದ ಐದಾರು ದಿನಕ್ಕೆ ಅಳಿಯ ನಮ್ಮ ಮನೆಗೆ ಬಂದು ಕಾಗದದ ಪೊಟ್ಟಣ ಕೊಟ್ಟ. ನಾನು ಹೊಲಿಯಲು ಕೊಟ್ಟಿದ್ದ ಜಂಪರು.

"ಹೊಲದಿಟ್ಟಿದ್ರು ಅಕ್ಕಾರ. ನಿಮ್ಮನ್ನ ಕೇಳೂದೊಂದ ಬಾಕಿ ಇತ್ತು."

ಒಳಗೆ ಹೋಗಿ ತೊಟ್ಟುಕೊಂಡೆ. ಕೈ ಮೇಲೆತ್ತಿದೆ. ನೆಲದ ಮೇಲೆ ಕೂತು, ಗಾಳಿಯಲ್ಲಿ ರೊಟ್ಟಿ ಬಡಿದೆ. ಆಮೇಲೆ ಗೋಡೆಯ ಕಡೆ ತಿರುಗಿ ಹೇಳಿದೆ:

"ಇಲ್ರಿ ಮಾಸ್ತರ. ಜಗ್ಗೂದಿಲ್ಲ."